141 ವರ್ಷ ಆಳಿದ ಮಹಾರಾಜರು

ಪುಸ್ತಕದ ಕೊನೆಯಲ್ಲಿ ಬರುವ ಪದಸೂಚಿ ಮಾಡುವುದು ನನ್ನ ಕೆಲಸ. ಯಾವ ಹೆಸರು ಯಾವ ಪುಟದಲ್ಲಿದೆ ಅಂತ ಅಕಾರಾದಿಯಾಗಿ ಜೋಡಿಸಿ ಕೊಡಬೇಕು. ಸುಮ್ನೆ ಕೂತು ಮಾಡೋ ಕೆಲಸ ಅಂತ ಮೊದಮೊದಲು ನನಗೂ ಅನಿಸಿತ್ತು.

ಆಗ ಮೈಸೂರು ಇತಿಹಾಸದ ಪುಸ್ತಕವೊಂದು ಬಂತು. ಬರೆದವರು ನಿವೃತ್ತ ಮೇಷ್ಟ್ರು. ನಾನು ಪಿಡಿಎಫ್ ತೆರೆದು ‘ಕೃಷ್ಣರಾಜ’ ಅಂತ ಹುಡುಕಿದೆ, ಬಂದ ಪುಟಗಳನ್ನೆಲ್ಲ ಒಂದೇ ಸಾಲಿಗೆ ಸುರಿದೆ. ಕೃಷ್ಣರಾಜಸಾಗರದ ತೂಬು ಕೂಡ ಮಹಾರಾಜರ ಲೆಕ್ಕಕ್ಕೇ ಹೋಯಿತು. ಎರಡು ದಿನಕ್ಕೆ ಮೇಷ್ಟ್ರ ಫೋನ್.

“ಏನಮ್ಮಾ, ನಿಮ್ಮ ಕೃಷ್ಣರಾಜರು 1799ರಲ್ಲಿ ಪಟ್ಟಕ್ಕೆ ಬಂದು 1940ರಲ್ಲಿ ತೀರಿಕೊಂಡಿದ್ದಾರೆ. 141 ವರ್ಷ! ಏನು ತಿಂತಿದ್ರಂತೆ?”

ಬೈದಿದ್ದರೆ ವಾಸಿಯಿತ್ತು.

ಕೃಷ್ಣರಾಜ ಒಡೆಯರ್ ನಾಲ್ಕು ಜನ. 1799ರಲ್ಲಿ ಪಟ್ಟಕ್ಕೆ ಬಂದವರು ಮುಮ್ಮಡಿ, ತೀರಿಕೊಂಡಿದ್ದು 1868ರಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಇದ್ದವರು ನಾಲ್ವಡಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬರೆಯುವವರು ಒಮ್ಮೆ ಪೂರ್ತಿ ಹೆಸರು ಹಾಕಿ, ಆಮೇಲೆ ಬರೀ ‘ಕೃಷ್ಣರಾಜರು’ ಅಂತ ಮುಂದೆ ಹೋಗುತ್ತಾರೆ. ಹುಡುಕುವ ಯಂತ್ರಕ್ಕೆ ಮಡಿ ಎಷ್ಟನೆಯದು ಅಂತ ಏನು ಗೊತ್ತು?

ಸರಿ, ಇಸವಿ ನೋಡಿ ಬೇರ್ಪಡಿಸೋಣ ಅಂತ ಕೂತೆ. ಅಲ್ಲೂ ಬಿದ್ದೆ. 1799ರ ಪುಟದಲ್ಲೇ ‘ಕೃಷ್ಣರಾಜರ ರಾಣಿ ಲಕ್ಷ್ಮಮ್ಮಣ್ಣಿ’ ಅಂತಿದೆ. ಇಸವಿ ನಂಬಿ ಅದನ್ನು ಮುಮ್ಮಡಿಯವರ ಸಾಲಿಗೆ ಹಾಕಿದೆ. ಅದೇ ಪುಟದಲ್ಲಿ ಮುಮ್ಮಡಿಯವರಿಗೆ ಐದು ವರ್ಷವೂ ತುಂಬಿಲ್ಲ! ಲಕ್ಷ್ಮಮ್ಮಣ್ಣಿ 1766ರಲ್ಲೇ ತೀರಿಕೊಂಡಿದ್ದ ಇಮ್ಮಡಿಯವರ ರಾಣಿ. ಮಗುವಿಗೆ ಅಜ್ಜಿಯ ಸ್ಥಾನದಲ್ಲಿದ್ದವರನ್ನು ನಾನು ಹೆಂಡತಿ ಮಾಡಿಟ್ಟಿದ್ದೆ. ಅವತ್ತಿನಿಂದ ಇಸವಿಗಿಂತ ಜಾಸ್ತಿ ನಂಟು ನೋಡುತ್ತೇನೆ. ಪಕ್ಕದಲ್ಲಿ ಯಾರಿದ್ದಾರೆ, ಅವರು ಇವರಿಗೆ ಏನಾಗಬೇಕು, ದಿವಾನರು ಯಾರು. ಪೂರ್ಣಯ್ಯ ಇದ್ದರೆ ಮುಮ್ಮಡಿ, ವಿಶ್ವೇಶ್ವರಯ್ಯ ಇದ್ದರೆ ನಾಲ್ವಡಿ.

ಚಾಮರಾಜರ ಕಥೆ ಇನ್ನೂ ಗೋಜಲು. ಮುಮ್ಮಡಿಯವರ ತಂದೆ ಚಾಮರಾಜರು, ದತ್ತುಪುತ್ರ ಚಾಮರಾಜೇಂದ್ರರು, ಆ ಚಾಮರಾಜೇಂದ್ರರ ಮಗ ಮತ್ತೆ ಕೃಷ್ಣರಾಜರು. ತಾತನ ಹೆಸರು ಮೊಮ್ಮಗನಿಗೆ. ನಮ್ಮನೆಯಲ್ಲೂ ಹಾಗೇ, ಅಲ್ವಾ? ಆದರೆ ನಮ್ಮ ತಾತನಿಗೆ ಪದಸೂಚಿ ಬೇಕಾಗಿಲ್ಲ.

ಈಗ ನನ್ನ ಪಟ್ಟಿಯಲ್ಲಿ ‘ಕೃಷ್ಣರಾಜ ಒಡೆಯರ್, ಇಮ್ಮಡಿ, 1734–1766’ ಅಂತ ಆಳಿದ ಇಸವಿಯೂ ಇರುತ್ತದೆ. ಜಾಗ ಜಾಸ್ತಿ ಹಿಡಿಯುತ್ತದೆ ಅಂತ ಪ್ರಕಾಶಕರು ಗೊಣಗುತ್ತಾರೆ. ಗೊಣಗಲಿ.

ಆ ಪುಸ್ತಕದಲ್ಲಿ ಕೊನೆಗೆ ಒಂದೇ ಸಾಲು ಉಳಿಯಿತು: ‘ಬಾಲ್ಯದಲ್ಲೇ ಪಟ್ಟಕ್ಕೆ ಬಂದ ಕೃಷ್ಣರಾಜರು ಕಲಾವಿದರಿಗೆ ಆಶ್ರಯ ಕೊಟ್ಟರು.’ ನಾಲ್ವಡಿಯವರೂ 1895ರಲ್ಲಿ ಹತ್ತು ವರ್ಷಕ್ಕೇ ಪಟ್ಟಕ್ಕೆ ಬಂದವರು. ಇಬ್ಬರೂ ಕಲಾವಿದರನ್ನು ಸಾಕಿದವರೇ. ಹಿಂದಿನ ಸಾಲಲ್ಲಿ ಮುಮ್ಮಡಿ, ಮುಂದಿನ ಸಾಲಲ್ಲಿ ನಾಲ್ವಡಿ. ಅರ್ಧ ಗಂಟೆ ಒದ್ದಾಡಿ ಮೇಷ್ಟ್ರಿಗೇ ಫೋನ್ ಮಾಡಿದೆ.

ಸಾಲು ಓದಿಸಿಕೊಂಡರು. ಮತ್ತೊಮ್ಮೆ ಓದು ಅಂದರು. ಸ್ವಲ್ಪ ಹೊತ್ತು ಮಾತೇ ಇಲ್ಲ.

“ಇದನ್ನ ನಾನೇ ಬರೆದದ್ದಾ? ತಾಳಮ್ಮ, ನೋಡಿ ಹೇಳ್ತೀನಿ.”