ಶಿರಾಡಿ ಹತ್ತುವ ಕಾರಿಗೆ ಎಷ್ಟು ಸಿಲಿಂಡರ್ ಬೇಕು?

ಮರ್ಸಿಡಿಸ್‌ನ ವೇಗದ ಕಾರು ಸಿ63ರಲ್ಲಿ 4 ಲೀಟರಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಹೋಗಿ 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಬಂದದ್ದು 2022ರಲ್ಲಿ. ಎಂಜಿನ್ನಿನದೇ 476 ಅಶ್ವಶಕ್ತಿ. ಇದು ಹೈಬ್ರಿಡ್; ಹಿಂದಿನ ಆಕ್ಸಲ್ಲಿನ ಎಲೆಕ್ಟ್ರಿಕ್ ಮೋಟಾರ್ ಸೇರಿದರೆ ಒಟ್ಟು 680. ಹಳೆಯ ಸಿ63 ಎಸ್ 510ಕ್ಕೆ ನಿಂತಿತ್ತು. ಆದರೂ ಮಂಗಳೂರು, ಉಡುಪಿಯವರು ಇಂಥ ಕಾರು ತೆಗೆದುಕೊಳ್ಳುವುದಾದರೆ ಆರು ಸಿಲಿಂಡರಿನದನ್ನೇ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಖ್ಯ ಕಾರಣ ಶಿರಾಡಿ ಘಾಟಿ. ಆ ಮೋಟಾರು 150 ಕಿಲೋವ್ಯಾಟ್ ಕೊಡುವುದು 10 ಸೆಕೆಂಡ್ ಮಾತ್ರ, ಸತತವಾಗಿ ಕೊಡುವುದು 70. ಬ್ಯಾಟರಿ 6.1 ಯೂನಿಟ್ಟಿನದು. ಕಾರಿನ ತೂಕ 2.1 ಟನ್, ಅಂದರೆ ಹಳೆಯದಕ್ಕಿಂತ 300 ಕಿಲೋಗೂ ಜಾಸ್ತಿ. ಇಬ್ಬರು ಕೂತ ಈ ಕಾರನ್ನು ಉಪ್ಪಿನಂಗಡಿಯಿಂದ ಸಕಲೇಶಪುರದ ಎತ್ತರಕ್ಕೆ, ಸುಮಾರು 850 ಮೀಟರ್, ಏರಿಸುವುದಕ್ಕೇ 5 ಯೂನಿಟ್‌ನಷ್ಟು ಶಕ್ತಿ ಬೇಕು. ಗಾಳಿಯ ತಡೆ, ಟಯರಿನ ಘರ್ಷಣೆ ಬೇರೆ. ಹಾಗಾಗಿ ಜೋರಾಗಿ ಹತ್ತುವಾಗ ಎಂಜಿನ್ ಕಾರನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು. ಇಳಿಯುವಾಗ ಮಾತ್ರ ಹೈಬ್ರಿಡ್ಡಿಗೆ ನಿಜವಾದ ಲಾಭ: ಮೋಟಾರೇ ಬ್ರೇಕಿನ ಕೆಲಸ ಮಾಡುವುದರಿಂದ ಡಿಸ್ಕ್ ಕಾಯುವುದು ಕಡಿಮೆ.

ಇನ್ನು ಸೆಕೆ. ಲೀಟರಿಗೆ 238 ಅಶ್ವಶಕ್ತಿ ತೆಗೆಯಬೇಕಾದರೆ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಒತ್ತಡ ತುಂಬಾ ಮೇಲಿರಬೇಕು. ಬಿಎಂಡಬ್ಲ್ಯು ಎಂ3 ಕಾಂಪಿಟಿಷನ್ನಿನ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ಲೀಟರಿಗೆ 170 ಸಾಕು. ನಮ್ಮಲ್ಲಿ 32 ಡಿಗ್ರಿ, ಶೇ. 85 ತೇವಾಂಶ ಇರುವಾಗ ಸಿಲಿಂಡರಿಗೆ ಹೋಗುವ ಗಾಳಿಯಲ್ಲಿ ಶೇ. 4ರಷ್ಟು ಬರೀ ನೀರಾವಿ. ಆ ಕೊರತೆ ತುಂಬಲು ಟರ್ಬೋ ಇನ್ನೂ ಜೋರಾಗಿ ತಿರುಗುತ್ತದೆ, ಒಳಹೋಗುವ ಗಾಳಿ ಇನ್ನೂ ಬಿಸಿಯಾಗುತ್ತದೆ. ಆಗ ನಾಕಿಂಗ್ (ಪೆಟ್ರೋಲ್ ಬಿಸಿಗೆ ತಾನಾಗಿಯೇ ಸಿಡಿಯುವುದು) ತಪ್ಪಿಸಲು ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಕಿಡಿ ಹಾರುವ ಹೊತ್ತನ್ನು ತಡ ಮಾಡುತ್ತದೆ, ಎಳೆತ ಇಳಿಯುತ್ತದೆ. ಎರಡೂ ಎಂಜಿನ್‌ಗಳಲ್ಲಿ ಆ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನೀರಿನಿಂದ ತಣಿಯುವಂಥದ್ದು, ಅದರ ರೇಡಿಯೇಟರ್ ಮುಂಭಾಗದಲ್ಲಿದೆ. ಕೆಂಪುಧೂಳು, ಉಪ್ಪುಗಾಳಿ ಅದರ ರೆಕ್ಕೆಗಳಲ್ಲೇ ಕೂರುತ್ತವೆ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಹೋಗುತ್ತದೆ. ಸಾದಾ ಪೈಪಿನ ನೀರನ್ನು ಒಳಗಿನಿಂದ ಹೊರಕ್ಕೆ ಬಿಡಿ.

ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಇರುವಷ್ಟು ಹೆದರಿಕೆ ಬೇಡ. ಮೈಲೇಜ್ ಇಳಿಯುತ್ತದೆ ನಿಜ, ಆದರೆ ಎಥನಾಲ್ ಆವಿಯಾಗುವಾಗ ಸಿಲಿಂಡರನ್ನು ತಣಿಸುತ್ತದೆ, ನಾಕಿಂಗನ್ನೂ ತಡೆಯುತ್ತದೆ. ಅದು ನೀರು ಹೀರುತ್ತದೆ, ಅದೊಂದು ತೊಂದರೆ. ಆಟಿ ತಿಂಗಳ ಮಳೆಯಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಡಿ. ಕೈಪಿಡಿಯಲ್ಲಿ ಇ20 ಒಪ್ಪಿಗೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕಂಪನಿಗಳೂ ಆರು ಸಿಲಿಂಡರನ್ನು ಬಿಟ್ಟಿಲ್ಲ. ಮರ್ಸಿಡಿಸ್‌ನದೇ ಎಎಂಜಿ ಸಿಎಲ್‌ಇ 53ರಲ್ಲಿರುವುದು 449 ಅಶ್ವಶಕ್ತಿಯ ನೇರಸಾಲಿನ ಆರು; ಬಿಎಂಡಬ್ಲ್ಯು ಮುಂದಿನ ಎಂ3ಯಲ್ಲಿ ಎಲೆಕ್ಟ್ರಿಕ್ ಜೊತೆಗೆ ಆರು ಸಿಲಿಂಡರ್ ಪೆಟ್ರೋಲನ್ನೂ ಉಳಿಸಿಕೊಳ್ಳುವುದಾಗಿ ಹೇಳಿದೆ.

ಹೈಬ್ರಿಡ್ಡೇ ಬೇಕೆನ್ನುವವರು ಮಂಗಳೂರು ಪೇಟೆಯೊಳಗೆ ನಂತೂರು, ಕೆಪಿಟಿ ಸುತ್ತಿದ ಟೆಸ್ಟ್ ಡ್ರೈವಿಗೆ ತೃಪ್ತಿಪಡಬೇಡಿ. ಮಧ್ಯಾಹ್ನ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತಿಸಿ, ಮೇಲಿನ ಮಾರನಹಳ್ಳಿ ಮುಟ್ಟಿದಾಗ ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ, ಆಗ ಆಕ್ಸಿಲರೇಟರ್ ಒತ್ತಿದರೆ ಕೆಳಗಿದ್ದ ಎಳೆತವೇ ಸಿಗುತ್ತದೆಯೇ ನೋಡಿ.