ರೈಲಿಗಿಂತ ಮೊದಲು ಬಂದ ರೈಲಿನ ಹಾಡು

ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಉಡುಪಿಯವರಾದ ನಾವು ನಮ್ಮೂರಿನ ನಿಲ್ದಾಣದಲ್ಲಿ ಅದನ್ನು ಕಂಡದ್ದು 1993ರಲ್ಲಿ, ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ಭಾಗ ತೆರೆದ ಮೇಲೆ. ಅಲ್ಲಿಯವರೆಗೆ ಬಸ್ಸನ್ನೇ ನಂಬಿದ್ದ ನನ್ನ ವಯಸ್ಸಿನವರಿಗೆ ರೈಲಿನ ಪರಿಚಯ ಮಾಡಿಸಿದ್ದು ರೇಡಿಯೋ. ಹಾಗಾಗಿ ಉಡುಪಿ ನಿಲ್ದಾಣವಿರುವ ಇಂದ್ರಾಳಿಯಲ್ಲಿ ಮೊದಲ ಸಲ ಗಾಡಿ ಹತ್ತಿದಾಗ, ಹಾಡುಗಳಲ್ಲಿ ಕೇಳಿದ್ದ ಆ ‘ಟಕಟಕ’ ಸದ್ದು ಎಲ್ಲಿ ಹೋಯಿತೆಂದು ನಾನು ಹುಡುಕಿದ್ದುಂಟು.

ಅದರ ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ನಂತರ, ನಮ್ಮ ಬಡಾವಣೆಯ ಗಣೇಶೋತ್ಸವದ ರಸಮಂಜರಿಗೆ ರೈಲಿನ ಹಾಡುಗಳನ್ನೇ ಆರಿಸಿಕೊಂಡಿದ್ದ ವರ್ಷ, ಅಭ್ಯಾಸದ ಒಂದು ಸಂಜೆ. ನಿರೂಪಣೆ ನನ್ನ ಪಾಲಿಗೆ ಬಂದಿತ್ತು. ‘ಆರಾಧನಾ’ ಚಿತ್ರದ ಡಾರ್ಜಿಲಿಂಗ್ ರೈಲಿನ ಹಾಡಿನಲ್ಲಿ ಜೀಪಿನಲ್ಲಿ ಕುಳಿತು ಹಾಡುವ ರಾಜೇಶ್ ಖನ್ನಾ ಹೊರಾಂಗಣದಲ್ಲಿದ್ದರೆ, ಕಿಟಕಿಯ ಪಕ್ಕದ ಶರ್ಮಿಳಾ ಟಾಗೋರರ ಭಾಗವನ್ನು ಸ್ಟುಡಿಯೋದಲ್ಲಿ ಚಿತ್ರಿಸಿದರು ಎಂಬಂಥ ಸಂಗತಿಗಳನ್ನು ನಾನು ಬರೆದಿಟ್ಟುಕೊಂಡಿದ್ದೆ. ಅಮೆರಿಕದ ಹಾಡುಗಳ ಬಗ್ಗೆಯೂ ಎರಡು ಮಾತು ಹೇಳಬೇಕೆಂದಿತ್ತು. 1903ರಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್ ಬಳಿ ಉರುಳಿದ ಅಂಚೆ ರೈಲಿನ ಕುರಿತ ಹಾಡನ್ನು ಅಲ್ಲಿಯ ಗಾಯಕ ವರ್ನನ್ ಡಾಲ್ಹಾರ್ಟ್ 1924ರಲ್ಲಿ ಹಾಡಿದ್ದು, ಆ ಧ್ವನಿಮುದ್ರಿಕೆ ಭಾರೀ ಸಂಖ್ಯೆಯಲ್ಲಿ ಮಾರಾಟವಾಯಿತು. ನಮ್ಮ ಸಿನಿಮಾದ ರೈಲು ಸಾಮಾನ್ಯವಾಗಿ ಪ್ರೇಮಿಗಳನ್ನು ಸೇರಿಸಿದರೆ ಅವರ ರೈಲು ಯಾರನ್ನೋ ಕರೆದೊಯ್ಯುತ್ತದೆ, ಇಲ್ಲವೇ ಉರುಳುತ್ತದೆ ಎಂಬುದು ನನ್ನ ಅನಿಸಿಕೆ. ಸಮಿತಿಯ ಹಿರಿಯರು ಮಾತ್ರ “ಗಣಪತಿಯ ಎದುರು ಅಪಘಾತದ ಸುದ್ದಿ ಬೇಡ ಮಾರಾಯ್ರೆ” ಎಂದು ಒಂದೇ ಮಾತಿನಲ್ಲಿ ಅದನ್ನು ಹೊಡೆದುಹಾಕಿದರು.

ರಿದಮ್ ಪ್ಯಾಡ್ ನುಡಿಸುವ ಹುಡುಗ 1974ರ ಹಿಂದಿ ಹಾಡು ‘ಗಾಡಿ ಬುಲಾ ರಹೀ ಹೈ’ಗೆ ಒಂದೇ ಸಮನೆ ಪೆಟ್ಟು ಹಾಕುತ್ತಿದ್ದ. ಮೂಲೆಯ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ, ಹಳಿಯ ಕೆಲಸದಲ್ಲಿದ್ದು ನಿವೃತ್ತರಾದ ನೆರೆಮನೆಯವರು ಲೋಟ ಕೆಳಗಿಟ್ಟು ಕೇಳಿದರು: “ನಿನ್ನ ರೈಲಿಗೆ ಒಂದೇ ಚಕ್ರ ಉಂಟಾ ಮಾರಾಯ?”

ಮತ್ತೆ ಅವರೇ ಮೇಜಿನ ಬಳಿ ಬಂದರು. ಹಿಂದೆ 13 ಮೀಟರಿನ ಹಳಿಗಳನ್ನು ಫಿಶ್‌ಪ್ಲೇಟ್ ಎಂಬ ಲೋಹದ ಪಟ್ಟಿ ಹಾಕಿ ಬೋಲ್ಟಿನಿಂದ ಜೋಡಿಸುತ್ತಿದ್ದರು. ಬಿಸಿಲಿಗೆ ಕಬ್ಬಿಣ ಹಿಗ್ಗುವುದರಿಂದ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಬೋಗಿಯೊಂದರ ಅಡಿಯಲ್ಲಿ ಎರಡು ತುದಿಗೂ ಎರಡೆರಡು ಜೋಡಿ ಚಕ್ರಗಳಿರುವುದರಿಂದ ಒಂದು ತುದಿ ಆ ಸಂದನ್ನು ದಾಟುವಾಗ ಎರಡು ಪೆಟ್ಟು ಬೀಳುತ್ತದೆ. ಬಾಗಿಲ ಬಳಿ ನಿಂತವನಿಗೆ ತನ್ನ ಬೋಗಿಯದ್ದರ ಬೆನ್ನಿಗೇ ಪಕ್ಕದ ಬೋಗಿಯ ಎರಡು ಪೆಟ್ಟೂ ಕೇಳಿಸುತ್ತದೆ. ಅದನ್ನು ಅವರು ಮೇಜಿನ ಮೇಲೆ ಬಡಿದು ತೋರಿಸಿದರು: ಎಡಗೈಯ ಎರಡು ಬೆರಳು, ಒಡನೆಯೇ ಬಲಗೈಯ ಎರಡು ಬೆರಳು, ಆಮೇಲೆ ಖಾಲಿ: ಟಕಟಕ, ಟಕಟಕ. ವೇಗ ಹೆಚ್ಚಿಸುವಾಗ ಅವರು ಖಾಲಿ ಜಾಗವನ್ನೂ ಪೆಟ್ಟುಗಳನ್ನೂ ಒಟ್ಟಿಗೇ ಬಿಗಿಗೊಳಿಸಿದರು. ನಾಲ್ಕರ ಗುಂಪು ಮಾತ್ರ ಕೆಡಲಿಲ್ಲ. ಈಗ ಹಳಿಗಳನ್ನು ಉದ್ದಕ್ಕೆ ಬೆಸೆಯುವುದರಿಂದ ಆ ಸದ್ದು ನಿಲ್ದಾಣದ ಬಳಿ, ಹಳಿ ಕವಲೊಡೆಯುವಲ್ಲಿ, ಒಂದಿಷ್ಟು ಕೇಳಿಸಿ ಮರೆಯಾಗುತ್ತದೆ ಎಂದರು.

ಹುಡುಗ ಅದನ್ನು ಎಂಟು ಮಾತ್ರೆಯ ಕೆಹರ್ವಾ ತಾಳಕ್ಕೆ ಕೂರಿಸಿ, ಮೊದಲ ನಾಲ್ಕು ಮಾತ್ರೆ ನುಡಿಸಿ ಉಳಿದ ನಾಲ್ಕನ್ನು ಬಿಟ್ಟ. ಕೇಳಲು ಅದು ನಿಜವಾದ ರೈಲೇ ಆಗಿತ್ತು, ಆದರೆ ಗಾಯಕರು ಎರಡನೇ ಸಾಲಿಗೇ ನಿಲ್ಲಿಸಿ, “ಖಾಲಿಯಲ್ಲಿ ನಾನು ಏನನ್ನು ಹಿಡಿದುಕೊಳ್ಳಲಿ?” ಎಂದರು. ಅವರ ತಕರಾರು ನ್ಯಾಯವಾದದ್ದೇ. ಅಮೆರಿಕದ ಗಾಯಕ ಜಾನಿ ಕ್ಯಾಶ್ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಡ್ರಮ್ಮಿನಂಥ ಸದ್ದು ಹೊರಡಿಸಿದಾಗಲೂ ರೈಲನ್ನು ನೆನಪಿಸುವ ಆ ಲಯ ಎಲ್ಲೂ ಬಿಡುವಿಲ್ಲದೆ ಸಾಗುತ್ತದೆ. ಹಾಡುವವನಿಗೆ ಊರುಗೋಲು ಬೇಕಾದುದರಿಂದ ಸಂಗೀತಗಾರರು ರೈಲಿನ ಖಾಲಿ ಜಾಗವನ್ನು ತುಂಬಿಬಿಡುತ್ತಾರೆ. ನಾವು ರೇಡಿಯೋದಲ್ಲಿ ಕೇಳಿ ಬೆಳೆದದ್ದು ಹಾಗೆ ತುಂಬಿದ ರೈಲನ್ನು.

ಕೊನೆಗೆ ನಾಲ್ಕು ಪೆಟ್ಟು ಹಾಡಿನ ಆರಂಭಕ್ಕೆ ಮಾತ್ರ ಉಳಿಯಿತು. ನೆರೆಮನೆಯವರು ಅಷ್ಟಕ್ಕೇ ಸುಮ್ಮನಾಗದೆ, 2022ರ ಹೊತ್ತಿಗೆ ಪೂರ್ತಿ ವಿದ್ಯುದೀಕರಣಗೊಂಡ ಕೊಂಕಣ ರೈಲು ಮಾರ್ಗದ ಪಕ್ಕದಲ್ಲಿ ಕುಳಿತು ಕೀಬೋರ್ಡಿನಲ್ಲಿ ಕಲ್ಲಿದ್ದಲಿನ ಇಂಜಿನ್ನಿನ ಸೀಟಿ ಹೊಡೆಸುವುದು ಯಾವ ನ್ಯಾಯವೆಂದು ಕೇಳಿದರು. ಮಕ್ಕಳಿಗೆ ಅದೇ ಬೇಕೆಂದು ಸಮಿತಿ ತೀರ್ಮಾನಿಸಿತು. ಕಾರ್ಯಕ್ರಮದ ದಿನ ಆ ಸೀಟಿಗೆ ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನನ್ನ ವಯಸ್ಸಿನವರು.