ಬೋಂ ಕುರಾಜ್ ಎಂದವನು

ಅವನು ಆಡಿದ್ದು ಎರಡೇ ಪದ. ಶನಿವಾರದಿಂದ ಅವು ಕಿವಿಯ ಸುತ್ತ ನೊಣದ ಹಾಗೆ ಗುಂಯ್‌ಗುಡುತ್ತಿವೆ.

ಫ್ರಾನ್ಸಿನ ಲ್ವಾರ್ ನದಿಯ ಜೊತೆಯಲ್ಲೇ ಸಾಗುವ ಸೈಕಲ್ ದಾರಿಯಲ್ಲಿ ನೆವೆರ್‌ನಿಂದ ಹೊರಟು ಅಂದಿಗೆ ಹದಿನೇಳನೆಯ ದಿನ, ಕೊನೆಯ ದಿನ. ನಾಂತ್ ದಾಟಿ ಕುಎರೋಂಗೆ ಬಂದರೆ ಅಲ್ಲಿ ಸೇತುವೆಯಿಲ್ಲ. ಆಚೆ ದಡದ ಲ ಪೆಲ್‌ರಾಂಗೆ ಲಾಂಚಿನಲ್ಲೇ ಹೋಗಬೇಕು. ಕಾರಿಗೂ ಸೈಕಲ್ಲಿಗೂ ಪುಕ್ಕಟೆ. ಸಿಗಂದೂರಿನ ಲಾಂಚಿನಲ್ಲಿ ಬಸ್ಸಿನ ಪಕ್ಕ ಅಂಟಿಕೊಂಡು ನಿಂತು ಬೆಳೆದವಳಿಗೆ ಆ ಡೀಸೆಲ್ ವಾಸನೆ ಮೂಗಿಗೆ ಬಡಿದಾಗ ಏನಾಗಿರಬೇಡ!

ಲಾಂಚಿನ ಸರಪಳಿ ಹಾಕಿ ಬಂದವನು ನನ್ನ ಸೈಕಲ್ಲಿಗೆ ಕಟ್ಟಿದ ಚೀಲಗಳನ್ನು ನೋಡಿದ.

‘ಎಲ್ಲಿಂದ?’

‘ನೆವೆರ್‌ನಿಂದ.’

‘ಒಬ್ಬಳೇ?’

‘ಒಬ್ಬಳೇ. ಇವತ್ತು ಮುಗಿಯುತ್ತದೆ. ಸೋಮವಾರ ಆಫೀಸು.’

ಅವನು ಒಮ್ಮೆ ಚಕ್ರ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ‘ಆಹ್. ಬೋಂ ಕುರಾಜ್.’

ಹದಿನಾರು ದಿನ ಎದುರಿಗೆ ಸಿಕ್ಕವರೆಲ್ಲ ಹೇಳಿದ್ದು ‘ಬೋನ್ ರೂತ್’. ದಾರಿ ಚೆನ್ನಾಗಿರಲಿ ಎಂದು. ಬೇಕರಿಯವಳು, ಕ್ಯಾಂಪಿಂಗ್ ಜಾಗದ ಮುದುಕ, ಬ್ಯಾಟರಿ ಸೈಕಲ್ಲಿನಲ್ಲಿ ಬೆವರದೆ ನನ್ನನ್ನು ಹಿಂದೆ ಹಾಕಿ ಹೋದ ಡಚ್ ದಂಪತಿ ಕೂಡ. (ಬ್ಯಾಟರಿ ಸೈಕಲ್ಲಿನವರ ಬಗ್ಗೆ ನನ್ನ ಮನಸ್ಸು ದೊಡ್ಡದಲ್ಲ. ಹಿಂದೆ ಹಾಕುವುದು ಸರಿ, ಗಂಟೆ ಬಾರಿಸಿ ನಗುವುದು ಯಾಕೆ?) ‘ಬೋಂ ಕುರಾಜ್’ ಬೇರೆ ಜಾತಿಯ ಮಾತು. ಧೈರ್ಯವಿರಲಿ ಎಂದು. ಪರೀಕ್ಷೆಗೆ ಹೊರಟವರಿಗೆ, ಆಪರೇಷನ್ನಿಗೆ ತಯಾರಾದವರಿಗೆ, ಮನೆ ಖಾಲಿ ಮಾಡುತ್ತಿರುವವರಿಗೆ ಹೇಳುವುದು. ಸುಮಾರು 900 ಕಿಲೋಮೀಟರಿಗೆ ಯಾರೂ ಹಾರೈಸದ ಧೈರ್ಯವನ್ನು ಅವನು ನನ್ನ ಸೋಮವಾರಕ್ಕೆ ಹಾರೈಸಿದ್ದ.

ಗೇಲಿಯೋ ಮರುಕವೋ ಎಂದು ಯೋಚಿಸುವಷ್ಟರಲ್ಲಿ ಆಚೆ ದಡ ಬಂದಿತ್ತು. ದಿನವಿಡೀ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಹೋಗುವವನು ಅವನು. ಪ್ರಯಾಣ ಮುಗಿಯುವುದು ಎಂದರೇನೆಂದು ಅವನಿಗೇನು ಗೊತ್ತು ಎಂದುಕೊಂಡೆ. ಹೊಟ್ಟೆಯುರಿಯ ಮಾತು. ಅವನಿಗೇ ಚೆನ್ನಾಗಿ ಗೊತ್ತಿರಬಹುದು.

ಅಲ್ಲಿಂದ ಮುಂದೆ ಮಾರ್ತಿನಿಯೇರ್ ಕಾಲುವೆಯ ಏರಿ. ಅಟ್ಲಾಂಟಿಕ್ ಗಾಳಿ ನೇರವಾಗಿ ಎದೆಗೆ. ಪಶ್ಚಿಮಕ್ಕೆ ಹೋಗಬೇಡ, ಗಾಳಿ ಬೆನ್ನಿಗಿರುವಂತೆ ಸಮುದ್ರದಿಂದ ಹೊರಡು ಎಂದು ತಿಳಿದವರು ಹೇಳಿದ್ದರು; ನದಿಯ ಜೊತೆ ಸಮುದ್ರ ಸೇರಬೇಕೆಂಬ ಹಟ ನನ್ನದು. ಅತಿ ಸಣ್ಣ ಗೇರಿನಲ್ಲಿ ತುಳಿದರೂ ಸೈಕಲ್ಲು ರಾಗಿ ಬೀಸುವ ಕಲ್ಲಿನಂತೆ ನಿಂತಲ್ಲೇ ತಿರುಗುತ್ತಿದೆ ಅನ್ನಿಸುತ್ತಿತ್ತು. ನದೀಮುಖದಲ್ಲಿ ಮರಳು ತುಂಬಿ ಹಡಗುಗಳು ನಾಂತ್ ತಲುಪಲಾರದಾದಾಗ 1882ರಿಂದ 1892ರವರೆಗೆ ಹತ್ತು ವರ್ಷ ತೋಡಿದ ಹದಿನೈದು ಕಿಲೋಮೀಟರ್ ಕಾಲುವೆ ಇದು. ಆಮೇಲೆ ನದಿಯದೇ ಹೂಳೆತ್ತಿದರು, ಕಾಲುವೆ ಯಾರಿಗೂ ಬೇಡವಾಯಿತು. ಕೆಲಸ ಮುಗಿದ ದೊಡ್ಡ ಹಾಯಿಹಡಗುಗಳನ್ನು ತಂದು ಇಲ್ಲೇ ಸಾಲಾಗಿ ಕಟ್ಟಿ ಹಾಕಿದ್ದರಂತೆ. ಈಗ ಗಾಳ ಹಾಕಿ ಕುಳಿತ ಇಬ್ಬರು, ಒಂದು ಬಕ. ಮೂವರೂ ನನ್ನತ್ತ ತಿರುಗಲಿಲ್ಲ.

ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಎಂದರೆ ಅಜ್ಜಿ ಬೈಯುತ್ತಿದ್ದಳು. ‘ಹೋಗಿ ಬರುತ್ತೇನೆ’ ಎನ್ನಬೇಕು. ಬರುವುದು ಮಾತಿನೊಳಗೇ ಸೇರಿಬಿಟ್ಟಿದೆ, ಅದಕ್ಕೆ ಬೇರೆ ಹಾರೈಕೆ ಬೇಕಿಲ್ಲ. ಬರುವುದೇ ಕಷ್ಟದ ಭಾಗ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಆರು ವರ್ಷ. ಪ್ರತಿ ಸಲ ಊರಿಗೆ ಹೊರಡುವಾಗ ಅಮ್ಮನಿಗೆ ‘ಬರುತ್ತೇನೆ’ ಎನ್ನುತ್ತೇನೆ, ಊರಿನಿಂದ ಹೊರಡುವಾಗಲೂ ಅದನ್ನೇ ಎನ್ನುತ್ತೇನೆ. ಇವೆರಡರಲ್ಲಿ ಯಾವುದು ಹೋಗುವುದು, ಯಾವುದು ಬರುವುದು ಎಂಬ ಲೆಕ್ಕ ತಪ್ಪಿ ಎಷ್ಟೋ ದಿನವಾಯಿತು. ಆ ಲಾಂಚಿನವನಿಗೆ ಇದೆಲ್ಲ ನನ್ನ ಮುಖದಲ್ಲಿ ಕಂಡಿರಲಾರದು. ಆಫೀಸೆಂದರೆ ಅವನಿಗೂ ಬೇಸರವಿರಬೇಕು, ಅಷ್ಟೇ. ನಿನ್ನೆ ಫ್ರೆಂಚ್ ಸಹೋದ್ಯೋಗಿಯನ್ನು ಕೇಳಿದರೆ ಅವಳು ನಕ್ಕಳು: ‘ನಾವು ಹಲ್ಲಿನ ಡಾಕ್ಟರ ಹತ್ತಿರ ಹೊರಟವರಿಗೂ ಹಾಗೇ ಹೇಳುತ್ತೇವೆ, ತಲೆ ಕೆಡಿಸಿಕೊಳ್ಳಬೇಡ.’ ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ದಾರಿ ಮುಗಿಯುವ ಕಡಲೂರು ಸ್ಯಾಂ ಬ್ರೆವಾಂ ತಲುಪಿದಾಗ ಸಂಜೆ ಐದು. ಮುಂದಿನ ಚಕ್ರವನ್ನು ಸಮುದ್ರದಲ್ಲಿ ಅದ್ದುವುದೆಂದು ಮೊದಲ ದಿನವೇ ಗೊತ್ತುಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಇಳಿತ. ಸಮುದ್ರ ಎಲ್ಲೋ ದೂರ, ನಡುವೆ ಬೂದು ಕೆಸರು. ಆ ಕೆಸರಿನ ಅಂಚಿನಲ್ಲಿ ಕಲಾವಿದ ಹುವಾಂಗ್ ಯೋಂಗ್ ಪಿಂಗ್ 2012ರಲ್ಲಿ ಮಾಡಿದ ಹಾವಿನ ಅಸ್ಥಿಪಂಜರ, ಸುಮಾರು 130 ಮೀಟರ್ ಉದ್ದದ ಅಲ್ಯೂಮಿನಿಯಂ ಎಲುಬುಗಳು, ಹಿಂದೆ ಅದೇ ಡೊಂಕಿನಲ್ಲಿ ಬೆನ್ನೆತ್ತಿದ ಸ್ಯಾಂ ನಜೇರ್ ಸೇತುವೆ. ಸೈಕಲ್ಲನ್ನು ಹತ್ತು ಹೆಜ್ಜೆ ತಳ್ಳಿದೆ, ಎಡಗಾಲಿನ ಬೂಟು ಕೆಸರಿನಲ್ಲೇ ಉಳಿಯಿತು. ಅದನ್ನು ಕಿತ್ತುಕೊಂಡು ಹಿಂದಕ್ಕೆ ಬಂದೆ.

ಚೀಲದಲ್ಲಿ ಅರ್ಧ ಬಗೆತ್ ಇತ್ತು, ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿಯ ಡಬ್ಬಿಯಿತ್ತು. ಹದಿನೇಳು ದಿನದ ತೇವಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಬ್ರೆಡ್ಡಿನ ಗಟ್ಟಿ ತುದಿಯಿಂದಲೇ ಅದನ್ನು ಕೆರೆದು, ಬೆಣ್ಣೆ ಮೆತ್ತಿ ತಿಂದೆ. ತಿನ್ನುತ್ತಿರುವಾಗಲೇ ನೀರು ಬರತೊಡಗಿತು, ಮೊದಲು ಹಾವಿನ ಬಾಲದ ಕಡೆಯ ಎಲುಬುಗಳ ನಡುವೆ.